ವಿದ್ಯುತ್ ಚಾಲಿತ ಬೈಸಿಕಲ್ ಮತ್ತು ದ್ವಿಚಕ್ರ ವಾಹನಗಳ ದೂರ ಪ್ರಯಾಣಕ್ಕೆ ಸೌರಶಕ್ತಿಯ ಬಳಕೆ: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಘಟಪ್ರಭಾ ನದಿ ಕೊಳ್ಳವು ಇಂಧನ ಬಳಕೆಯ ಇತಿಹಾಸದಲ್ಲಿ ಗಮನಾರ್ಹ ಸ್ಥಾನ ಪಡೆದಿದೆ. 1885ರಲ್ಲಿ ಸ್ಥಾಪಿತವಾದ ಗೋಕಾಕದ ನೂಲಿನ ಗಿರಣಿಯನ್ನು ನಡೆಸಲು ಜಲಪಾತದ ಶಕ್ತಿಯನ್ನು 1887ರಲ್ಲಿಯೇ ಬಳಸಿಕೊಳ್ಳಲಾಯಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿಯ ಸಂಘವೂ ಒಂದು. ಈಗ ಇದೇ ಭಾಗದಲ್ಲಿ ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳ ಬಳಕೆ ಹೆಚ್ಚುತ್ತಿದೆ. ಗೋಕಾಕ ಜಲಪಾತ, ಗೊಡಚಿನಮಲ್ಕಿ ಹಾಗೂ ಹಿಡಕಲ್ ಜಲಾಶಯದಂತಹ ಸ್ಥಳಗಳಿಗೆ ಈ ವಾಹನಗಳಲ್ಲಿ ಪ್ರಯಾಣಿಸಲು ಇಚ್ಛಿಸುವವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ದೂರ ಪ್ರಯಾಣದ ನಿದರ್ಶನಗಳು

ಸೌರ ಫಲಕ ಅಳವಡಿಸಿದ ಬೈಸಿಕಲ್‌ಗಳ ದೂರ ಪ್ರಯಾಣವಾದ 'ಸನ್ ಟ್ರಿಪ್' 2013ರಲ್ಲಿ ಫ್ರಾನ್ಸಿನಿಂದ ಕಝಾಕಿಸ್ತಾನದ ಅಸ್ತಾನಾ ನಗರದವರೆಗೆ, 2018ರಲ್ಲಿ ಲಿಯೋನ್‌ನಿಂದ ಚೀನಾದ ಗುವಾಂಗ್‌ಝೌವರೆಗೆ ನಡೆಯಿತು. ನಮ್ಮ ದೇಶದಲ್ಲಿ 2016ರಲ್ಲಿ ಮುಂಬಯಿ ಐ.ಐ.ಟಿ. ಪದವೀಧರರಾದ ಸುಶೀಲ್ ರೆಡ್ಡಿ ಅವರು ಸೌರಶಕ್ತಿಯ ಬೈಸಿಕಲ್‌ನಲ್ಲಿ 79 ದಿನಗಳಲ್ಲಿ 7,400 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿದರು. ಇವೆಲ್ಲವೂ ಹಗುರವಾದ ವಾಹನಗಳಲ್ಲಿ ನಡೆದ ಪ್ರಯಾಣಗಳೆಂಬುದನ್ನು ಗಮನಿಸತಕ್ಕದ್ದು. ಭಾರವಾದ ಸ್ಕೂಟರ್‌ಗಳಿಗೆ ಇದೇ ಲೆಕ್ಕ ಅನ್ವಯಿಸುವುದಿಲ್ಲ.

3. ಎಷ್ಟು ಬಿಸಿಲಿಗೆ ಎಷ್ಟು ದೂರ

ಉತ್ತರ ಕರ್ನಾಟಕದಲ್ಲಿ ಸ್ವಚ್ಛ ಬಿಸಿಲಿನ ದಿನವೊಂದರಲ್ಲಿ ಸರಾಸರಿ 5 ಗಂಟೆಗಳ ಪೂರ್ಣ ಬಿಸಿಲು ದೊರೆಯುತ್ತದೆ ಎಂದು ಲೆಕ್ಕ ಹಾಕಬಹುದು. ಶಾಖ, ಧೂಳು ಹಾಗೂ ಉಪಕರಣಗಳಲ್ಲಾಗುವ ನಷ್ಟವನ್ನು ಕಳೆದರೆ, ಒಂದೆಡೆ ನಿಲ್ಲಿಸಿದ 100 ವ್ಯಾಟ್ ಫಲಕದಿಂದ ದಿನಕ್ಕೆ ಸುಮಾರು 350 ವ್ಯಾಟ್-ಗಂಟೆ ವಿದ್ಯುತ್ ಸಿಗುತ್ತದೆ.

(ಅ) ವಿದ್ಯುತ್ ಬೈಸಿಕಲ್: ಪೆಡಲ್ ತುಳಿಯುತ್ತಾ ಸಾಗಿದರೆ ಕಿ.ಮೀ.ಗೆ 10ರಿಂದ 15 ವ್ಯಾಟ್-ಗಂಟೆ ಖರ್ಚಾಗುತ್ತದೆ. ಉದಾಹರಣೆಗೆ, 60 ಕಿ.ಮೀ. ಪ್ರಯಾಣಕ್ಕೆ ಸುಮಾರು 720 ವ್ಯಾಟ್-ಗಂಟೆ ಬೇಕು. 500 ವ್ಯಾಟ್-ಗಂಟೆಯ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಕೊಂಡು ಹೊರಟು, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ವಿಶ್ರಮಿಸಿ 100 ವ್ಯಾಟ್ ಫಲಕವನ್ನು ಬಿಸಿಲಿಗೆ ಹರಡಿದರೆ ಇನ್ನೂ ಸುಮಾರು 280 ವ್ಯಾಟ್-ಗಂಟೆ ಸೇರುತ್ತದೆ. ಆ ದಿನದ ಪ್ರಯಾಣಕ್ಕೆ ಇದು ಸಾಕಾಗುತ್ತದೆ. ಆದರೆ ಸಂಜೆಗೆ ಬ್ಯಾಟರಿ ಬಹುತೇಕ ಬರಿದಾಗಿರುವುದರಿಂದ, ರಾತ್ರಿ ತಂಗುವ ಸ್ಥಳದಲ್ಲಿ ವಿದ್ಯುತ್ ಸಂಪರ್ಕವಿರಬೇಕು. ಇಲ್ಲವೇ ಮಾರನೆಯ ದಿನವನ್ನು ಚಾರ್ಜಿಂಗ್‌ಗಾಗಿ ಮೀಸಲಿಡಬೇಕು.

(ಆ) ವಿದ್ಯುತ್ ಸ್ಕೂಟರ್: ಕಿ.ಮೀ.ಗೆ ಸುಮಾರು 30 ವ್ಯಾಟ್-ಗಂಟೆ ಖರ್ಚಾಗುವುದರಿಂದ 100 ವ್ಯಾಟ್ ಫಲಕದ ಇಡೀ ದಿನದ ವಿದ್ಯುತ್ತಿನಿಂದ 12 ಕಿ.ಮೀ. ಮಾತ್ರ ಸಾಗಬಹುದು. ಆದ್ದರಿಂದ ಸ್ಕೂಟರ್ ಸವಾರರು ಫಲಕವನ್ನು ಹೊತ್ತೊಯ್ಯುವುದಕ್ಕಿಂತ ಮನೆಯ ಮೇಲ್ಛಾವಣಿಯ ಮೇಲೆ ಅಳವಡಿಸುವುದು ಸೂಕ್ತ. 1 ಕಿಲೋವ್ಯಾಟ್ ಘಟಕವು ದಿನಕ್ಕೆ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ. 60 ಕಿ.ಮೀ. ಸವಾರಿಗೆ, ಚಾರ್ಜಿಂಗ್ ನಷ್ಟವೂ ಸೇರಿ, ಸುಮಾರು 2 ಯೂನಿಟ್ ಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾರಣ ಉತ್ಪಾದನೆ ಗಣನೀಯವಾಗಿ ಕುಸಿಯುತ್ತದೆ. ಜಲಪಾತಗಳು ತುಂಬಿ ಹರಿಯುವುದೂ ಇದೇ ಕಾಲದಲ್ಲಿ. ಈ ಅವಧಿಯಲ್ಲಿ ಪ್ರಯಾಣಿಸುವವರು ಸೌರ ಫಲಕವೊಂದನ್ನೇ ನಂಬಿ ಹೊರಡಬಾರದು.

4. ಉಪಕರಣಗಳ ಬಗ್ಗೆ ಎಚ್ಚರಿಕೆ

(ಅ) ಸೌರ ಫಲಕವನ್ನು ಬ್ಯಾಟರಿಗೆ ನೇರವಾಗಿ ಜೋಡಿಸಬಾರದು. ಲಿಥಿಯಂ ಬ್ಯಾಟರಿಗೆ ಹೊಂದುವ ಎಂ.ಪಿ.ಪಿ.ಟಿ. ಮಾದರಿಯ ಚಾರ್ಜ್ ಕಂಟ್ರೋಲರ್ ಕಡ್ಡಾಯವಾಗಿ ಇರಬೇಕು. ಮನೆಯ ಇನ್ವರ್ಟರ್‌ನ ಸೀಸ-ಆಮ್ಲ ಬ್ಯಾಟರಿಗೆ ಬಳಸುವ ಕಂಟ್ರೋಲರ್ ಇದಕ್ಕೆ ಹೊಂದುವುದಿಲ್ಲ.
(ಆ) ಸಾಮಾನ್ಯವಾಗಿ 36 ವೋಲ್ಟ್ ಬ್ಯಾಟರಿ 42 ವೋಲ್ಟ್‌ಗೆ, 48 ವೋಲ್ಟ್ ಬ್ಯಾಟರಿ 54.6 ವೋಲ್ಟ್‌ಗೆ ಪೂರ್ಣ ಚಾರ್ಜ್ ಆಗುತ್ತದೆ. ಬ್ಯಾಟರಿಯ ಮೇಲೆ ನಮೂದಿಸಿರುವ ಪ್ರಮಾಣವನ್ನು ಪರಿಶೀಲಿಸಿ, ಅದನ್ನು ಮೀರದಂತೆ ಕಂಟ್ರೋಲರ್ ಹೊಂದಿಸತಕ್ಕದ್ದು. ಇದನ್ನು ಮೀರಿದಲ್ಲಿ ಬೆಂಕಿ ಅನಾಹುತ ಸಂಭವಿಸಬಹುದು.
(ಇ) ಫಲಕ ಬಿಸಿಲಿನಲ್ಲಿರಲಿ, ಬ್ಯಾಟರಿ ನೆರಳಿನಲ್ಲಿರಲಿ. ಸವಾರಿ ಮುಗಿದ ಕೂಡಲೇ ಬಿಸಿಯಾದ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬಾರದು. ಮಲಗುವ ಕೋಣೆಯಲ್ಲಿ ಮತ್ತು ಹೊರಬಾಗಿಲಿನ ದಾರಿಯಲ್ಲಿ ಚಾರ್ಜ್ ಮಾಡಬಾರದು.
(ಈ) ವಾಹನ ಕೊಳ್ಳುವಾಗ ಬ್ಯಾಟರಿಯು ಎ.ಐ.ಎಸ್.-156 ಸುರಕ್ಷತಾ ಮಾನದಂಡಕ್ಕೆ ಅನುಗುಣವಾಗಿದೆಯೇ ಎಂದು ವಿಚಾರಿಸತಕ್ಕದ್ದು. ಇದರ ಬಿಗಿಗೊಳಿಸಿದ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದಿವೆ.

5. ನೋಂದಣಿ ಮತ್ತು ಮಾರ್ಪಾಡು

ಮೋಟಾರಿನ ಸಾಮರ್ಥ್ಯ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಹಾಗೂ ಬ್ಯಾಟರಿ ಹೊರತುಪಡಿಸಿ ತೂಕ 60 ಕೆ.ಜಿ. ಮೀರದ, ನಿಯಮಾನುಸಾರ ಅನುಮೋದಿತವಾದ ದ್ವಿಚಕ್ರ ವಾಹನಕ್ಕೆ ನೋಂದಣಿಯ ಅಗತ್ಯವಿಲ್ಲ. ಉಳಿದವುಗಳಿಗೆ ನೋಂದಣಿ, ವಿಮೆ, ಚಾಲನಾ ಪರವಾನಗಿ ಮತ್ತು ಶಿರಸ್ತ್ರಾಣ ಕಡ್ಡಾಯ. ವಿದ್ಯುತ್ ವಾಹನಗಳ ನೋಂದಣಿ ಪತ್ರ ನೀಡುವ ಶುಲ್ಕಕ್ಕೆ ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ ವಿನಾಯಿತಿ ನೀಡಿದೆ.

ನೋಂದಣಿ ಪತ್ರದಲ್ಲಿನ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52 ನಿಷೇಧಿಸುತ್ತದೆ. ಆದ್ದರಿಂದ ಸ್ಕೂಟರಿಗೆ ಫಲಕದ ಛಾವಣಿಯನ್ನು ಶಾಶ್ವತವಾಗಿ ಬೆಸೆಯುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಗಾಳಿಯ ರಭಸಕ್ಕೆ ಇಂತಹ ಛಾವಣಿಗಳು ಸಮತೋಲನ ಕೆಡಿಸುವ ಅಪಾಯವೂ ಇದೆ. ಮಡಚಿ ಕಟ್ಟಿ ಒಯ್ಯುವ ಫಲಕವೇ ಸುರಕ್ಷಿತ.

6. ಮೇಲ್ಛಾವಣಿ ಸೌರ ಘಟಕಕ್ಕೆ ಸಹಾಯಧನ

2024ರ ಫೆಬ್ರವರಿಯಲ್ಲಿ ಆರಂಭವಾದ 'ಪಿ.ಎಂ. ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ'ಯಡಿ ವಾಸದ ಮನೆಗಳಿಗೆ ದೊರೆಯುವ ಕೇಂದ್ರ ಸಹಾಯಧನ:

1 ಕಿಲೋವ್ಯಾಟ್: ರೂ. 30,000
2 ಕಿಲೋವ್ಯಾಟ್: ರೂ. 60,000
3 ಕಿಲೋವ್ಯಾಟ್ ಮತ್ತು ಹೆಚ್ಚು: ರೂ. 78,000 (ಗರಿಷ್ಠ)

ಅರ್ಜಿ ಸಲ್ಲಿಸುವ ವಿಧಾನ:
(ಅ) ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ಗ್ರಾಹಕ ಸಂಖ್ಯೆಯೊಂದಿಗೆ ನೋಂದಾಯಿಸಿ, ಇತ್ತೀಚಿನ ವಿದ್ಯುತ್ ಬಿಲ್ಲಿನ ವಿವರಗಳನ್ನು ಸಲ್ಲಿಸುವುದು.
(ಆ) ನೋಂದಾಯಿತ ಮಾರಾಟಗಾರರನ್ನು ಆಯ್ಕೆ ಮಾಡಿ, ದೇಶೀಯವಾಗಿ ತಯಾರಾದ ಫಲಕಗಳನ್ನೇ ಅಳವಡಿಸುವುದು.
(ಇ) ನೆಟ್ ಮೀಟರ್ ಅಳವಡಿಕೆ ಮತ್ತು ಪರಿಶೀಲನೆಯ ನಂತರ ಬ್ಯಾಂಕ್ ಖಾತೆಯ ವಿವರ ಸಲ್ಲಿಸುವುದು. ಸಹಾಯಧನ ನೇರವಾಗಿ ಖಾತೆಗೆ ಜಮೆಯಾಗುತ್ತದೆ.

2024ರ ತಿದ್ದುಪಡಿ ನಿಯಮಗಳ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಕಾರ್ಯಸಾಧ್ಯತಾ ಅಧ್ಯಯನದ ಅಗತ್ಯವಿಲ್ಲ. ಪ್ರಯಾಣದಲ್ಲಿ ಒಯ್ಯುವ ಫಲಕಗಳಿಗೆ ಈ ಸಹಾಯಧನ ಅನ್ವಯಿಸುವುದಿಲ್ಲ. ಬ್ಯಾಟರಿ ವ್ಯವಸ್ಥೆಯಿಲ್ಲದ ಜಾಲಸಂಪರ್ಕಿತ ಘಟಕವು ವಿದ್ಯುತ್ ಕಡಿತದ ವೇಳೆ ಸುರಕ್ಷತೆಯ ದೃಷ್ಟಿಯಿಂದ ತಾನಾಗಿಯೇ ನಿಲ್ಲುತ್ತದೆ. ಕಡಿತದ ವೇಳೆಯಲ್ಲಿಯೂ ಚಾರ್ಜ್ ಮಾಡಬೇಕಾದವರು ಇದನ್ನು ಮಾರಾಟಗಾರರಿಗೆ ಮೊದಲೇ ತಿಳಿಸತಕ್ಕದ್ದು.

7. ಅರ್ಜಿ ಯಾರಿಗೆ ಸಲ್ಲಿಸಬೇಕು

ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳಲ್ಲಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು (ಹೆಸ್ಕಾಂ) ವಿದ್ಯುತ್ ವಿತರಿಸುತ್ತದೆ. ಹುಕ್ಕೇರಿ ತಾಲ್ಲೂಕಿನ ಗ್ರಾಹಕರಿಗೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ವಿತರಣಾ ಸಂಸ್ಥೆಯಾಗಿದೆ. ಜಾಲತಾಣದಲ್ಲಿ ತಪ್ಪು ಸಂಸ್ಥೆಯನ್ನು ಆಯ್ಕೆ ಮಾಡಿದಲ್ಲಿ ಗ್ರಾಹಕ ಸಂಖ್ಯೆ ಹೊಂದಾಣಿಕೆಯಾಗದೆ ಅರ್ಜಿ ಮುಂದುವರಿಯುವುದಿಲ್ಲ. ತಾಲ್ಲೂಕಿನ ಗಡಿ ಗ್ರಾಮಗಳವರು ಊರಿನ ಹೆಸರನ್ನಷ್ಟೇ ಆಧರಿಸದೆ, ತಮ್ಮ ಬಿಲ್ಲಿನ ಮೇಲೆ ಮುದ್ರಿತವಾಗಿರುವ ಸಂಸ್ಥೆಯ ಹೆಸರನ್ನು ನೋಡಿಯೇ ಅರ್ಜಿ ಸಲ್ಲಿಸುವುದು.

8. ಗೃಹಜ್ಯೋತಿ ಫಲಾನುಭವಿಗಳ ಗಮನಕ್ಕೆ

ಗೃಹಜ್ಯೋತಿ ಯೋಜನೆಯಡಿ ನಿಗದಿಯಾದ ಅರ್ಹ ಪ್ರಮಾಣಕ್ಕಿಂತ ಹೆಚ್ಚು ಬಳಸಿದ ಯೂನಿಟ್‌ಗಳಿಗೆ ಶುಲ್ಕ ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ ಪಾವತಿಸಬೇಕಾಗುತ್ತದೆ. ಪ್ರತಿದಿನ 60 ಕಿ.ಮೀ. ಓಡುವ ಸ್ಕೂಟರ್ ತಿಂಗಳಿಗೆ ಸುಮಾರು 60 ಯೂನಿಟ್ ಬಳಸುತ್ತದೆ. ವಾಹನ ಕೊಳ್ಳುವ ಮುನ್ನ ಇದನ್ನು ಲೆಕ್ಕ ಹಾಕಿಕೊಳ್ಳುವುದು.

9. ದಾರಿಯಲ್ಲಿ ಚಾರ್ಜಿಂಗ್ ಸೌಲಭ್ಯ ನೀಡಲು ಇಚ್ಛಿಸುವವರಿಗೆ

ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಅಧಿನಿಯಮದಡಿ ಪರವಾನಗಿ ಬೇಕಿಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಖಾನಾವಳಿ, ವಸತಿಗೃಹ ಹಾಗೂ ಅಂಗಡಿಗಳ ಮಾಲೀಕರು ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೋರಿ ತಮ್ಮ ವಿತರಣಾ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ನೀರಾವರಿ ಪಂಪ್‌ಸೆಟ್ ಸಂಪರ್ಕದಿಂದ ವಾಹನ ಚಾರ್ಜ್ ಮಾಡುವುದು ವಿದ್ಯುತ್ ಅಧಿನಿಯಮ, 2003ರಡಿ ಅನಧಿಕೃತ ಬಳಕೆಯಾಗುತ್ತದೆ. ಪ್ರವಾಸಿಗರು ಹೊಲಗಳಲ್ಲಿ ಇಂತಹ ಸಹಾಯ ಕೋರಿ ರೈತರನ್ನು ತೊಂದರೆಗೆ ಸಿಲುಕಿಸಬಾರದು.

10. ಸಂಪರ್ಕ

ಹೆಸ್ಕಾಂ ಗ್ರಾಹಕರು 1912 ಸಹಾಯವಾಣಿಗೆ ಕರೆ ಮಾಡಬಹುದು ಅಥವಾ ಸಮೀಪದ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಬಹುದು. ಹುಕ್ಕೇರಿ ಸಂಘದ ಗ್ರಾಹಕರು ಸಂಘದ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಸಹಾಯಧನದ ಅರ್ಜಿಯನ್ನು ಗ್ರಾಹಕರು ಸ್ವತಃ ಸಲ್ಲಿಸಬಹುದಾಗಿದ್ದು, ಸಾರ್ವಜನಿಕರು ಮಧ್ಯವರ್ತಿಗಳಿಗೆ ಹಣ ನೀಡಬಾರದಾಗಿ ಕೋರಲಾಗಿದೆ.