ಅಲ್ಲಾವುದ್ದೀನನ ಊರು ಯಾವುದು?

ಎಳೆಯರಿಗೆ ಪಾಠಕ್ಕಿಂತ ಮೊದಲು ಚಿತ್ರ ತೋರಿಸಬೇಕೆಂಬ ಮಾತು ಹೊಸದೇನಲ್ಲ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟವಾದ ಕೊಮೆನಿಯಸ್‌ನ ಸಚಿತ್ರ ಪಠ್ಯಪುಸ್ತಕ ಈ ನಂಬಿಕೆಯ ಮೇಲೆಯೇ ನಿಂತಿತ್ತು. ಅಕ್ಷರ ಬಾರದ ಮಗುವೂ ಚಿತ್ರವನ್ನು ಓದುತ್ತದೆ. ಆದರೆ ಕಿವಿಗೆ ಬಿದ್ದದ್ದು ಮರೆತಷ್ಟು ಬೇಗ ಕಣ್ಣಿಗೆ ಬಿದ್ದದ್ದು ಮರೆಯುವುದಿಲ್ಲ. ಅಲ್ಲಾವುದ್ದೀನನ ಅದ್ಭುತ ದೀಪದ ವಿಷಯದಲ್ಲಿ ಆದದ್ದೂ ಇದೇ.

ಈ ಕಥೆ 'ಸಾವಿರದೊಂದು ರಾತ್ರಿ'ಗಳ ಹಳೆಯ ಅರಬಿ ಹಸ್ತಪ್ರತಿಗಳಲ್ಲಿಲ್ಲ ಎಂದರೆ ಅನೇಕರಿಗೆ ಅಚ್ಚರಿಯಾದೀತು. 1709ರಲ್ಲಿ ಅಲೆಪ್ಪೊದ ಕ್ರೈಸ್ತ ಯುವಕ ಹನ್ನಾ ದಿಯಾಬ್ ಪ್ಯಾರಿಸ್‌ನಲ್ಲಿ ಫ್ರೆಂಚ್ ವಿದ್ವಾಂಸ ಗಲಾನ್‌ಗೆ ಇದನ್ನು ಹೇಳಿದ. 1712ರಲ್ಲಿ ಅದು ಗಲಾನ್‌ನ ಸಂಪುಟಗಳಲ್ಲಿ ಅಚ್ಚಾಯಿತು, ಹೇಳಿದವನ ಹೆಸರಿಲ್ಲದೆ! ಅಲ್ಲಿ ಅಲ್ಲಾವುದ್ದೀನ ಚೀನಾದ ಒಬ್ಬ ಬಡ ದರ್ಜಿಯ ಮಗ. ಚೀನಾದಲ್ಲಿ ಸುಲ್ತಾನನೇ ಎಂದು ಹುಬ್ಬೇರಿಸಬೇಕಾಗಿಲ್ಲ; ಕಥೆಯಲ್ಲಿ ಚೀನಾ ಎಂದರೆ ಬಹುದೂರದ ನಾಡು, ಅಷ್ಟೆ.

1875ರಲ್ಲಿ ಇಂಗ್ಲೆಂಡಿನ ವಾಲ್ಟರ್ ಕ್ರೇನ್ ಮಕ್ಕಳಿಗಾಗಿ ಇದೇ ಕಥೆಯ ಬಣ್ಣದ ಪುಸ್ತಕ ಮಾಡಿದಾಗ ಪಾತ್ರಗಳಿಗೆ ಪೂರ್ವ ಏಷ್ಯಾದ ಉಡುಪು ತೊಡಿಸಿದ. ಆತ ಜಪಾನಿ ಮುದ್ರಣಚಿತ್ರಗಳಿಗೆ ಮನಸೋತವನು. ಚೀನಾ, ಜಪಾನ್ ಎರಡೂ ಕಲಸಿಹೋದರೂ ಊರು ಮಾತ್ರ ಪೂರ್ವದಲ್ಲೇ ಉಳಿಯಿತು.

1992ರ ಡಿಸ್ನಿ ಚಿತ್ರ ಕಥೆಯನ್ನು ಅರಬ್ ಮರುಭೂಮಿಗೆ ಎತ್ತಿಕೊಂಡು ಹೋಯಿತು. ಬಾಗ್ದಾದ್ ಆಗಬೇಕಿದ್ದ ಊರು 1991ರ ಕೊಲ್ಲಿ ಯುದ್ಧದ ಕಾರಣ 'ಅಗ್ರಬಾ' ಎಂಬ ಕಲ್ಪಿತ ಹೆಸರು ಪಡೆಯಿತು. ನಾಯಕನಿಗೆ ಅಮೆರಿಕನ್ ಮಾತಿನ ಧಾಟಿ, ಸಂತೆಯ ವ್ಯಾಪಾರಿಗಳಿಗೂ ಕಾವಲುಗಾರರಿಗೂ ಒರಟು ಅರಬ್ ಧಾಟಿ. ಮೊದಲ ಹಾಡಿನಲ್ಲಿ ಕಿವಿ ಕತ್ತರಿಸುವ ನಾಡೆಂಬ ಬಣ್ಣನೆಯಿತ್ತು. ಅಮೆರಿಕದ ಅರಬ್ ಸಂಘಟನೆ ಪ್ರತಿಭಟಿಸಿದ ಮೇಲೆ 1993ರ ವಿಡಿಯೊದಲ್ಲಿ ಆ ಸಾಲು ಬದಲಾಯಿತು. ಹಾಡನ್ನು ತಿದ್ದಬಹುದು, ಮಕ್ಕಳ ಕಣ್ಣಲ್ಲಿ ಕುಳಿತ ಊರನ್ನು ತಿದ್ದುವವರಾರು? 2015ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಸಮೀಕ್ಷಾ ಸಂಸ್ಥೆ ಅಗ್ರಬಾದ ಮೇಲೆ ಬಾಂಬು ಹಾಕಬೇಕೇ ಎಂದು ಕೇಳಿತು. ರಿಪಬ್ಲಿಕನ್ ಮತದಾರರಲ್ಲಿ ಶೇ. 30 ಮಂದಿ ಹೌದೆಂದರು. ಡೆಮಾಕ್ರಾಟರಲ್ಲೂ ಶೇ. 19 ಮಂದಿ! ಇಲ್ಲದ ಊರು, ಆದರೂ ಹೆಸರು ಕೇಳಿದೊಡನೆ ಅವರ ಕಣ್ಣೆದುರು ಯಾವುದೋ ಒಂದು ಚಿತ್ರ ಬಂದಿರಬೇಕು.

ಹಾಗೆಂದು ಚಿತ್ರಗಳನ್ನು ತರಗತಿಯಿಂದ ಹೊರಗಿಡಬೇಕೆಂದು ನಾವು ಹೇಳುತ್ತಿಲ್ಲ. ಒಂದೇ ಚಿತ್ರ ತೋರಿಸುವುದೇ ತೊಂದರೆ. ಕ್ರೇನ್‌ನ ಪುಟವನ್ನೂ ಸಿನಿಮಾದ ಒಂದು ದೃಶ್ಯವನ್ನೂ ಅಕ್ಕಪಕ್ಕ ಇಟ್ಟು, ಕಥೆ ಹೇಳುವುದಕ್ಕೆ ಮುಂಚೆಯೇ "ಇದು ಯಾವ ಊರು? ಹೇಗೆ ಗೊತ್ತಾಯಿತು?" ಎಂದು ಮಕ್ಕಳನ್ನು ಕೇಳಬೇಕು. ಅವರು ಟೋಪಿ, ಗೋಪುರ, ಒಂಟೆ ಎಂದೆಲ್ಲ ಹೇಳುತ್ತಾ ತಮ್ಮತಮ್ಮಲ್ಲೇ ವಾದಕ್ಕಿಳಿಯಲಿ. ಆಮೇಲೆ ಮೂಲ ಕಥೆ ಹೇಳಿದರೆ ದೀಪದ ಜಿನ್‌ಗೆ ಮೂರೇ ವರಗಳ ಮಿತಿಯಿರಲಿಲ್ಲವೆಂದೂ ಉಂಗುರಕ್ಕೆ ಇನ್ನೊಂದು ಜಿನ್ ಇತ್ತೆಂದೂ ತಿಳಿದು ಅವರಿಗೆ ಖುಷಿಯಾಗುತ್ತದೆ.

ಅದಕ್ಕಿಂತ ಮುಖ್ಯವಾಗಿ, ಕಥೆಯಲ್ಲಿ ಅಲ್ಲಾವುದ್ದೀನನ ತಾಯಿ ಇದ್ದಾಳೆ. ರತ್ನಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಗನಿಗಾಗಿ ಹೆಣ್ಣು ಕೇಳಲು ದಿನದಿನವೂ ದರ್ಬಾರಿಗೆ ಹೋಗಿ, ಸುಲ್ತಾನನ ಕಣ್ಣಿಗೆ ಬೀಳುವವರೆಗೆ ಸುಮ್ಮನೆ ನಿಲ್ಲುವ ಬಡ ವಿಧವೆ. 1992ರ ಸಿನಿಮಾದಲ್ಲಿ ಅವಳಿಲ್ಲ. ಅವಳ ಚಿತ್ರವನ್ನು ಮಕ್ಕಳೇ ಬಿಡಿಸಲಿ.