ಹ್ಯಾಶ್‌ಟ್ಯಾಗ್

ಸಾಮಾಜಿಕ ಜಾಲತಾಣಗಳಲ್ಲಿ ಕ್ಷಣಕ್ಷಣಕ್ಕೂ ಬಂದು ಬೀಳುವ ಬರಹಗಳ ರಾಶಿಯಿಂದ ಒಂದೇ ವಿಷಯಕ್ಕೆ ಸಂಬಂಧಿಸಿದವನ್ನು ಹುಡುಕಿ ತೆಗೆಯಲು ಅನುಕೂಲವಾಗುವಂತೆ ಪದದ ಮುಂದೆ ‘#’ ಚಿಹ್ನೆಯನ್ನಿರಿಸುವ ಪದ್ಧತಿಯನ್ನು 2007ರ ಆಗಸ್ಟ್ ತಿಂಗಳಲ್ಲಿ ಟ್ವಿಟರಿನಲ್ಲಿ ಸೂಚಿಸಿದವರು ಅಮೆರಿಕದ ಕ್ರಿಸ್ ಮೆಸಿನಾ; ಅದಕ್ಕೆ ‘ಹ್ಯಾಶ್‌ಟ್ಯಾಗ್’ ಎಂಬ ಹೆಸರು ದೊರೆತದ್ದು ಕೆಲವೇ ದಿನಗಳ ತರುವಾಯ, ಸ್ಟೋ ಬಾಯ್ಡ್ ಅವರ ಬರಹದಿಂದ. ಟ್ಯಾಗ್ ಎಂದರೆ ವಸ್ತುವಿಗೆ ಕಟ್ಟುವ ಗುರುತುಚೀಟಿ. ‘#’ ಚಿಹ್ನೆಯನ್ನು ಸೂಚಿಸುವ ಹ್ಯಾಶ್ ಎಂಬುದು, ಚಿತ್ರಕಾರರು ಒತ್ತೊತ್ತಾದ ಗೆರೆಗಳಿಂದ ನೆರಳು ತುಂಬುವ ಕ್ರಿಯೆಗೆ ಹೆಸರಾದ ‘ಹ್ಯಾಚ್’ ಶಬ್ದದ ರೂಪಾಂತರವೆಂದು ಊಹೆ.

ಕನ್ನಡಿಗರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು: ವಿಭಕ್ತಿ ಪ್ರತ್ಯಯವು ಪ್ರಕೃತಿಗೆ ಅಂಟಿಕೊಳ್ಳುವುದು ನಮ್ಮ ನುಡಿಯ ಸ್ವಭಾವವಾದುದರಿಂದ, ‘#ಹಂಪಿಯಲ್ಲಿ’ ಎಂದು ಗುರುತಿಸಿದ ಬರಹವು ‘#ಹಂಪಿ’ ಎಂಬುದರೊಡನೆ ಕಲೆಯದೆ ಬೇರೆಯಾಗಿಯೇ ಉಳಿಯುತ್ತದೆ. ಆದಕಾರಣ ಪ್ರತ್ಯಯರಹಿತವಾದ ನಾಮಪದವನ್ನು, ನಡುವೆ ತೆರಪಿಲ್ಲದಂತೆ, ಬರಹದ ಕೊನೆಯಲ್ಲಿ ಪ್ರತ್ಯೇಕವಾಗಿ ಇರಿಸುವುದು ಲೇಸು.