ಕ್ಷಣಕಾಲದ ದುಡಿಮೆ

ಹಿಡಿಕೆ ತಿರುಗಿಸಿ ಕಾರನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ, ಎಂಜಿನ್ ಹಿಂದಕ್ಕೆ ಒದೆದರೆ ಚಾಲಕನ ಮಣಿಕಟ್ಟೇ ಮುರಿಯುವುದಿತ್ತು. ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಇದಕ್ಕೆ ಪರಿಹಾರ ಕಂಡದ್ದು ಅಂಗಡಿಯ ಗಲ್ಲಾಯಂತ್ರದ ಅನುಭವದಿಂದ. ಅದಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದ ಆತ ಬಲ್ಲ: ಕ್ಷಣಕಾಲ ಮಾತ್ರ ದುಡಿಯುವ ಮೋಟಾರು ಪುಟ್ಟದಾದರೂ ಭಾರಿ ವಿದ್ಯುತ್ ಪ್ರವಾಹವನ್ನು ತಾಳಬಲ್ಲುದು. 1912ರ ಕ್ಯಾಡಿಲಾಕ್ ಕಾರಿಗೆ ಆತನ ಸ್ಟಾರ್ಟರ್ ಬಂದಿತು. ಹಿಡಿಕೆ ಕ್ರಮೇಣ ಮರೆಯಾಯಿತು.

ಕಾರು ಏಳದಿದ್ದಾಗ ಮನೆಯಂಗಳದ ಪರೀಕ್ಷೆಗೂ ಆ ತತ್ತ್ವವೇ ದಾರಿದೀಪ. ಮೋಟಾರನ್ನು ದೂರುವ ಮೊದಲು, ಆ ಭಾರಿ ಪ್ರವಾಹ ಅದನ್ನು ಮುಟ್ಟುತ್ತಿದೆಯೇ ಎಂದು ನೋಡಬೇಕು. ಗೇರು ನ್ಯೂಟ್ರಲಿನಲ್ಲಿರಲಿ, ಬ್ಯಾಟರಿ ತುಂಬಿರಲಿ, ಹಸಿರುಗಟ್ಟಿದ ತಂತಿತುದಿಗಳನ್ನು, ಅರ್ತ್ ತಂತಿಯನ್ನೂ ಸೇರಿಸಿ, ಉಜ್ಜಿ ಬಿಗಿಮಾಡಿರಲಿ. ಕೀಲಿ ತಿರುಗಿಸಿದಾಗ 12 ವೋಲ್ಟಿನ ಬ್ಯಾಟರಿಯಿಂದ 10 ವೋಲ್ಟಿಗೂ ಮಿಕ್ಕಿ ಮೋಟಾರಿನ ತಿರುಪಿಗೆ ಬಂದು, ಆದರೂ ಅದು ಅಲುಗದಿದ್ದರೆ, ದೋಷ ಅದರದೇ. ತಂತಿಯ ತಪ್ಪಿಗೆ ಮೋಟಾರನ್ನು ಗುಜರಿಗೆ ಹಾಕುವುದು ನ್ಯಾಯವಲ್ಲ.